ಜಿಂಕೆ ಬೇಟೆ ಕಲಿಯುವವರು ಮೊದಲು ಅಳೆಯಬೇಕಾದ ದೂರ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ತಮ್ಮ ಪತ್ರಿಕೆಯ ವಾಚಕರ ಪತ್ರಗಳ ಅಂಕಣದಲ್ಲಿ ಕಳೆದ ತಿಂಗಳು ಹಿರಿಯರೊಬ್ಬರ ಪತ್ರ ಪ್ರಕಟವಾಗಿತ್ತು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಉದ್ಯೋಗದಲ್ಲಿರುವ ತಮ್ಮ ಮಗ ಈ ಚಳಿಗಾಲದಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೊರಡುವುದಾಗಿ ಫೋನಿನಲ್ಲಿ ತಿಳಿಸಿದ ದಿನದಿಂದ ತಮಗೆ ನಿದ್ದೆ ಹತ್ತುತ್ತಿಲ್ಲವೆಂದು ಅವರು ಬರೆದಿದ್ದರು. ಇಲ್ಲಿ ಜೈಲಿಗೆ ಕಳಿಸುವ ಕೆಲಸ ಅಲ್ಲಿ ಹೇಗೆ ನ್ಯಾಯವಾದೀತು, ಊರಿನಲ್ಲಿದ್ದಾಗ ಒಂದು ಪಟಾಕಿ ಹಚ್ಚುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ಹುಡುಗ ಕೋವಿಯನ್ನು ಹೇಗೆ ಹಿಡಿದಾನು ಎಂಬ ಅವರ ಪ್ರಶ್ನೆಗಳಲ್ಲಿ ತಂದೆಯೊಬ್ಬರ ನಿಜವಾದ ಕಳವಳವಿತ್ತು. ಆ ಪತ್ರಕ್ಕೆ ಉತ್ತರ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ, ಏಕೆಂದರೆ ನಾನೂ ಅದೇ ರಾಜ್ಯದಲ್ಲಿದ್ದೇನೆ ಮತ್ತು ಪ್ರತಿ ನವೆಂಬರಿನಲ್ಲಿ ಅವರ ಮಗನಂಥ ಹುಡುಗರಿಂದ ನನಗೆ ಫೋನು ಬರುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ಇಪ್ಪತ್ತು ವರ್ಷಗಳಿಂದ ಒಹಾಯೊದ ರಾಜಧಾನಿ ಕೊಲಂಬಸ್ಸಿನ ಹತ್ತಿರ ನೆಲೆಸಿದ್ದೇನೆ. 2010ರಲ್ಲಿ ಮೊದಲ ಬಾರಿಗೆ ಕೋವಿ ಹಿಡಿದು ಇಲ್ಲಿನ ಕಾಡಿಗೆ ಹೋದೆ. ಅಂದಿನಿಂದ ಒಂದೆರಡು ವರ್ಷ ಬಿಟ್ಟರೆ ಪ್ರತಿ ಡಿಸೆಂಬರಿನಲ್ಲೂ ಹೋಗಿದ್ದೇನೆ. ಬೇಟೆಯನ್ನು ಹೊಗಳಿ ಯಾರನ್ನಾದರೂ ಕರೆತರಬೇಕೆಂಬ ಆಸೆ ನನಗಿಲ್ಲ. ಆದರೆ ಶುರುಮಾಡಲೇಬೇಕೆಂದು ನಿಶ್ಚಯಿಸಿದವರು ಸರಿಯಾಗಿ ಶುರುಮಾಡಬೇಕು, ಇಲ್ಲವಾದರೆ ಅದರ ಬೆಲೆಯನ್ನು ಆ ಮೂಕಪ್ರಾಣಿ ತೆರಬೇಕಾಗುತ್ತದೆ ಎಂಬುದನ್ನು ನನ್ನ ತಪ್ಪಿನಿಂದಲೇ ಕಲಿತವನು ನಾನು. ಆ ಪ್ರಸಂಗವನ್ನು ಮುಂದೆ ಹೇಳುತ್ತೇನೆ.

ಮೊದಲು ನ್ಯಾಯದ ಪ್ರಶ್ನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ಅಪರಾಧವಾಗಿಸಿತು. ಅದಾದ ಮೇಲೂ ಉಳಿದುಕೊಂಡಿದ್ದ ಪರವಾನಗಿ ಬೇಟೆಯ ಬಾಗಿಲನ್ನು 1991ರ ತಿದ್ದುಪಡಿ ಮುಚ್ಚಿತು. ಅದು ಸರಿಯಾದ ಕಾನೂನು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನಾಗರಹೊಳೆ, ಬಂಡೀಪುರಗಳಲ್ಲಿ ಜಿಂಕೆ, ಕಡವೆಗಳು ಹುಲಿ, ಚಿರತೆ, ಸೀಳುನಾಯಿಗಳ ಆಹಾರ. ಅಲ್ಲಿ ಮನುಷ್ಯ ಒಂದು ಜಿಂಕೆಯನ್ನು ಹೊಡೆದರೆ ಹುಲಿಯ ಬಾಯಿಂದ ಕಿತ್ತುಕೊಂಡಂತೆ. ಒಹಾಯೊದ ಕಥೆ ಬೇರೆ. ಇಲ್ಲಿ ತೋಳ ಮತ್ತು ಬೆಟ್ಟಸಿಂಹಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಅಳಿದುಹೋದವು. ಕಾಡು ಕಡಿದು ಹೊಲ ಮಾಡಿದ್ದರಿಂದಲೂ ಲಂಗುಲಗಾಮಿಲ್ಲದ ಬೇಟೆಯಿಂದಲೂ 1904ರ ವೇಳೆಗೆ ಬಿಳಿಬಾಲದ ಜಿಂಕೆಯೂ ಈ ರಾಜ್ಯದಿಂದ ಕಣ್ಮರೆಯಾಗಿತ್ತು. ರಕ್ಷಣೆ ಕೊಟ್ಟು, ಹೊರಗಿನಿಂದ ತಂದು ಬಿಟ್ಟು, ಪಾಳುಬಿದ್ದ ಹೊಲಗಳು ಮತ್ತೆ ಕಾಡಾದ ಮೇಲೆ ಅವು ಹಿಂದಿರುಗಿದವು. 1943ರಲ್ಲಿ ಮೂರೇ ಮೂರು ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ವಿಭಾಗಗಳಲ್ಲಿ, ಕೋವಿ ಬೇಟೆಗೆ ಅನುಮತಿ ಕೊಟ್ಟಾಗ ಸಿಕ್ಕಿದ್ದು 168 ಜಿಂಕೆ; 1956ರಲ್ಲಿ ಎಲ್ಲ 88 ಕೌಂಟಿಗಳನ್ನೂ ತೆರೆದಾಗ 3,911. ಈಚಿನ ವರ್ಷಗಳಲ್ಲಿ ಬಿಲ್ಲು, ಕೋವಿ ಎಲ್ಲ ಸೇರಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜಿಂಕೆಗಳು ಬೇಟೆಯಾಗುತ್ತಿವೆ, ಆದರೂ ಸಂತತಿ ಕುಗ್ಗಿಲ್ಲ. ಬೆಳೆದ ಜಿಂಕೆಯನ್ನು ಹಿಡಿಯುವ ದೊಡ್ಡ ಮೃಗ ಇಲ್ಲದ ನಾಡಿನಲ್ಲಿ ಅವುಗಳ ಸಂಖ್ಯೆಗೆ ಕಡಿವಾಣ ಹಾಕುವುದು ಒಂದೋ ಬೇಟೆಗಾರ, ಇಲ್ಲವೇ ರಸ್ತೆಯ ಮೇಲಿನ ಕಾರು. ಈ ರಾಜ್ಯದಲ್ಲಿ ವರ್ಷಕ್ಕೆ ಸುಮಾರು ಇಪ್ಪತ್ತು ಸಾವಿರ ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ. ಕಾರಿಗೆ ಸಿಕ್ಕಿ ನಡು ಮುರಿದುಕೊಂಡು ಚರಂಡಿಯಲ್ಲಿ ಒದ್ದಾಡುವ ಜಿಂಕೆಯನ್ನು ಒಮ್ಮೆ ಕಂಡವರು ಯಾವುದು ಕ್ರೌರ್ಯ ಎಂಬ ಪ್ರಶ್ನೆಗೆ ಬೇಗನೆ ಉತ್ತರ ಹೇಳಲಾರರು.

ಇನ್ನೊಂದು ಸಂಗತಿಯೂ ಆ ಹಿರಿಯರಿಗೆ ತಿಳಿದಿರಲಿ. ಇಲ್ಲಿ ಮಾರಾಟವಾಗುವ ಪ್ರತಿ ಬೇಟೆ ಕೋವಿ ಮತ್ತು ಪ್ರತಿ ಪೆಟ್ಟಿಗೆ ತೋಟೆಯ ಮೇಲೆ ಶೇಕಡ 11ರಷ್ಟು ಕೇಂದ್ರ ತೆರಿಗೆಯಿದೆ. 1937ರ ಕಾನೂನಿನಂತೆ ಆ ಹಣ ವನ್ಯಜೀವಿಗಳ ಮತ್ತು ಅವುಗಳ ನೆಲೆಯ ರಕ್ಷಣೆಗಾಗಿ ರಾಜ್ಯಗಳಿಗೆ ಹೋಗುತ್ತದೆ.

ಅವರ ಮಗ ಒಪ್ಪಬೇಕಾದ ಮೊದಲ ಕಟ್ಟುಪಾಡು ಕಾಗದಪತ್ರದ್ದು. ಇಲ್ಲಿ ಬೇಟೆಗೆ ಪರವಾನಗಿ ಬೇಕು, ಜಿಂಕೆಗೆ ಪ್ರತ್ಯೇಕ ಪರ್ಮಿಟ್ ಬೇಕು, ಹೊಸಬರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಗೆ ಮುನ್ನವೇ ಒಂದು ಸಲ ಹೋಗಿ ನೋಡಬೇಕೆನ್ನುವವರಿಗೆ ಅಪ್ರೆಂಟಿಸ್ ಪರವಾನಗಿ ಎಂಬುದಿದೆ. ಅದನ್ನು ಪಡೆದವರು ಪರವಾನಗಿಯುಳ್ಳ ವಯಸ್ಕ ಬೇಟೆಗಾರರ ಜೊತೆಯಲ್ಲಿಯೇ ಇರಬೇಕು. ನನ್ನನ್ನು ಕೇಳಿದರೆ ಮೊದಲ ವರ್ಷ ಕೋವಿಯನ್ನೇ ಮುಟ್ಟದೆ, ಅನುಭವಿಯೊಬ್ಬರ ಪಕ್ಕದಲ್ಲಿ ಸುಮ್ಮನೆ ಕುಳಿತು ಬಂದರೂ ಆ ಋತು ವ್ಯರ್ಥವಾಗುವುದಿಲ್ಲ. ಖಾಸಗಿ ಜಮೀನಿಗೆ ಕಾಲಿಡಬೇಕಾದರೆ ಒಡೆಯರ ಅನುಮತಿ ಲಿಖಿತವಾಗಿ ಜೇಬಿನಲ್ಲಿರಬೇಕು. ಬಾಯಿಮಾತಿನ ಒಪ್ಪಿಗೆ ಸಾಲದು. ಇನ್ನು ಆಗ್ನೇಯ ಒಹಾಯೊದ ವೇಯ್ನ್ ರಾಷ್ಟ್ರೀಯ ಅರಣ್ಯದಂಥ ಸಾರ್ವಜನಿಕ ಕಾಡುಗಳಲ್ಲಿ ಬೇಟೆಗೆ ಅವಕಾಶವಿದೆ, ಆದರೆ ಕೋವಿ ಬೇಟೆಗೆಂದು ಗೊತ್ತುಮಾಡಿದ ಕೋವಿ ವಾರದಲ್ಲಿ ಅಲ್ಲಿ ಜನವೂ ಹೆಚ್ಚು, ಆದ್ದರಿಂದ ಎಚ್ಚರವೂ ಹೆಚ್ಚು ಬೇಕು.

ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ, ಇದನ್ನು ಅನೇಕ ಹುಡುಗರು ತಿಳಿದೇ ಇರುವುದಿಲ್ಲ. ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಮೆರಿಕದಲ್ಲಿ ಕ್ರಮಬದ್ಧವಾಗಿ ಪಡೆದ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಮಾತ್ರ ಅದರಲ್ಲಿ ವಿನಾಯಿತಿಯಿದೆ. ಆ ಪರವಾನಗಿಯ ಅವಧಿ ಮುಗಿದ ಮೇಲೂ ಕೋವಿ ಮನೆಯ ಕಪಾಟಿನಲ್ಲಿದ್ದರೆ ಆ ಹುಡುಗನ ಉದ್ಯೋಗ, ವೀಸಾ, ಮುಂದಿನ ಬದುಕು ಎಲ್ಲವೂ ಅಪಾಯಕ್ಕೆ ಸಿಕ್ಕಿಕೊಳ್ಳುತ್ತವೆ. ಸ್ನೇಹಿತನ ಕೋವಿಯನ್ನು ಎರವಲು ಪಡೆದು ಗುರಿ ಅಭ್ಯಾಸಕ್ಕೆ ಹೋಗುವ ಮುನ್ನವೂ ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನು ಕೇಳಿಕೊಳ್ಳುವುದು ಕ್ಷೇಮ. ಗ್ರೀನ್ ಕಾರ್ಡ್ ಪಡೆದವರಿಗೆ ಈ ತೊಡಕಿಲ್ಲ.

ಇನ್ನು ಕೋವಿಯ ವಿಚಾರ. ಒಹಾಯೊ, ಅಯೋವಾ, ಇಲಿನಾಯ್‌ಗಳಂಥ ಬಯಲು ರಾಜ್ಯಗಳಲ್ಲಿ ಹೊಲಗಳ ನಡುವೆ ಮನೆಗಳು ಹರಡಿಕೊಂಡಿವೆ. ರೈಫಲ್ಲಿನ ಗುಂಡು ಬಹಳ ದೂರ ಹೋಗುವುದರಿಂದ ಜಿಂಕೆ ಬೇಟೆಗೆ ಅಷ್ಟು ದೂರ ಹೊಡೆಯದ ಶಾಟ್‌ಗನ್ ಎಂಬ ಕೋವಿ ಬಳಸುವ ನಿಯಮ ಈ ರಾಜ್ಯಗಳಲ್ಲಿ ಬಹುಕಾಲದಿಂದ ನಡೆದುಬಂತು. ಒಹಾಯೊದಲ್ಲಿ 2014ರಿಂದ ಬಾಯಿಯ ಕಡೆ ಕಿರಿದಾಗದ ನೇರ ಕವಚದ ತೋಟೆ ಬಳಸುವ ಕೆಲವು ರೈಫಲ್‌ಗಳಿಗೂ ಅನುಮತಿಯಿದೆ. ಆದರೂ ಹೊಸಬನಿಗೆ ಶಾಟ್‌ಗನ್ನೇ ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಅದರ ಮಿತಿ ಚಿಕ್ಕದು ಮತ್ತು ಆ ಮಿತಿ ಹೊಸಬನಿಗೆ ಪ್ರಾಣಿಯ ಹತ್ತಿರ ಹೋಗುವುದನ್ನು ಕಲಿಸುತ್ತದೆ. ನಮ್ಮ ಮಲೆನಾಡಿನಲ್ಲಿ 12 ಬೋರಿನ ಕೋವಿ ಎನ್ನುವುದೇ ಇಲ್ಲಿ 12 ಗೇಜ್. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಕೆ, ಅಂದರೆ ಸುಮಾರು ಹದಿನೆಂಟೂವರೆ ಮಿಲಿಮೀಟರು. 20 ಗೇಜ್ ನಳಿಕೆ ಅದಕ್ಕಿಂತ ಕಿರಿದು, ಹೆಗಲಿಗೆ ಒದೆತವೂ ಕಡಿಮೆ. ಸಣಕಲು ಮೈಯವರಿಗೂ ಹೊಸಬರಿಗೂ ನಾನು 20 ಗೇಜನ್ನೇ ಹೇಳುತ್ತೇನೆ. 12 ಗೇಜಿನ ಒದೆತಕ್ಕೆ ಹೆದರಿದ ಮನುಷ್ಯ ಟ್ರಿಗರ್ ಎಳೆಯುವ ಗಳಿಗೆಯಲ್ಲಿ ತನಗರಿವಿಲ್ಲದೆ ಕಣ್ಣು ಮುಚ್ಚಿ ಹೆಗಲು ಜಗ್ಗುತ್ತಾನೆ, ಒಮ್ಮೆ ಅಂಟಿಕೊಂಡ ಆ ಚಾಳಿ ಬಿಡಿಸುವುದು ಕಷ್ಟ.

ಊರಿನಿಂದ ಬಂದವರು ಇಲ್ಲಿ ಎಡವುವುದು ತೋಟೆಯಲ್ಲಿ. ನಮ್ಮ ಕಡೆ ಕೋವಿಯೆಂದರೆ ಚರೆ, ಅಂದರೆ ಒಂದೇ ತೋಟೆಯಲ್ಲಿ ತುಂಬಿದ ಹಲವು ಸೀಸದ ಕಾಳುಗಳು. ಚಿಕ್ಕ ಚರೆ ಹಕ್ಕಿಗೆ, ದಪ್ಪ ಚರೆಯ ಎಲ್‌ಜಿ ತೋಟೆ ದೊಡ್ಡ ಪ್ರಾಣಿಗೆ ಎಂಬ ಲೆಕ್ಕ ಹಳಬರ ಬಾಯಲ್ಲಿತ್ತು. ಒಹಾಯೊದಲ್ಲಿ ಜಿಂಕೆಗೆ ಚರೆ ಹೊಡೆಯುವುದು ಕಾನೂನುಬಾಹಿರ. ಒಂದು ತೋಟೆಯಲ್ಲಿ ಒಂದೇ ಗುಂಡು ಇರಬೇಕು, ಅದನ್ನು ಇಲ್ಲಿಯವರು ಸ್ಲಗ್ ಎನ್ನುತ್ತಾರೆ. ಕೋವಿಯ ಒಳಗೆ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ಹಿಡಿಸಬಾರದು. ಈ ಕಟ್ಟಳೆಯ ಹಿಂದಿನ ಕಾರಣ ಸರಳವಾದದ್ದು. ಚರೆಗಳು ದೂರ ಹೋದಂತೆಲ್ಲ ಚದುರುತ್ತವೆ, ಒಂದೊಂದರ ಬಲವೂ ಬೇಗ ಇಳಿಯುತ್ತದೆ. ಹತ್ತಿರದಲ್ಲಿ ಕೊಲ್ಲುವ ಅದೇ ಈಡು ಸ್ವಲ್ಪ ದೂರದಲ್ಲಿ ಎರಡು ಚರೆ ಹೊಟ್ಟೆಗೆ, ಒಂದು ಚರೆ ತೊಡೆಗೆ ತಾಗಿಸಿ ಪ್ರಾಣಿಯನ್ನು ಓಡಲು ಬಿಡುತ್ತದೆ. ಆಮೇಲೆ ಅದು ಎಲ್ಲೋ ಕೊಳೆತು ಸಾಯುತ್ತದೆ.

ನನ್ನ ಅಜ್ಜನ ಜೋಡು ನಳಿಕೆಯ ಕೋವಿ ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಬಹಳ ಕಾಲ ತೂಗುತ್ತಿತ್ತು. ಕಾನೂನು ಬರುವ ಮುಂಚಿನ ಶಿಕಾರಿಯ ಕಥೆಗಳನ್ನು ಕೇಳುತ್ತಲೇ ನಾವು ಬೆಳೆದೆವು. ಪೊದೆ ಬಡಿದು ಪ್ರಾಣಿ ಎಬ್ಬಿಸುವ ಹಳು ಸೋವುವವರ ಕೂಗು, ಅಡಗಿ ಕಾಯುತ್ತ ಮರಸು ಕೂತ ಬೆಳದಿಂಗಳ ರಾತ್ರಿ, ಒಂದೇ ಈಡಿಗೆ ಉರುಳಿದ ಕಡವೆ ಎಲ್ಲವೂ ಆ ಕಥೆಗಳಲ್ಲಿದ್ದವು. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗಳ ಲೆಕ್ಕ ಮಾತ್ರ ಯಾರ ಕಥೆಯಲ್ಲೂ ಇರಲಿಲ್ಲ. ಆ ಕಥೆಗಳನ್ನು ತಲೆಯಲ್ಲಿ ತುಂಬಿಕೊಂಡೇ ನಾನು ಇಲ್ಲಿ ಕೋವಿ ಕೊಂಡೆ. ಈಗಿನ ಹುಡುಗರು ಮೊಬೈಲಿನಲ್ಲಿ ನೋಡುವ ವಿಡಿಯೋಗಳೂ ಅದೇ ಬಗೆಯವು: ಜಿಂಕೆ ಬಿದ್ದದ್ದನ್ನು ತೋರಿಸುತ್ತವೆ, ತಪ್ಪಿದ್ದನ್ನು ಕತ್ತರಿಸಿ ಹಾಕಿರುತ್ತವೆ.

ಸ್ಲಗ್‌ನಲ್ಲಿ ಎರಡು ಬಗೆಯಿವೆ, ಯಾವ ಕೋವಿಗೆ ಯಾವುದು ಎಂಬುದನ್ನು ಅರಿಯದೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಂಡರೆ ಹಣವೂ ದಂಡ, ಗುರಿಯೂ ದಂಡ. ಒಳಗೆ ನುಣುಪಾದ ನಳಿಕೆಯಿದ್ದರೆ ಮುಂದೆ ಭಾರ, ಹಿಂದೆ ಟೊಳ್ಳಾಗಿರುವ ಸೀಸದ ಗುಂಡು ಬೇಕು; ಅದು ಶಟಲ್ ಕಾಕಿನಂತೆ ಭಾರವಾದ ಮೂತಿಯನ್ನು ಮುಂದಿಟ್ಟುಕೊಂಡು ನೆಟ್ಟಗೆ ಹೋಗುತ್ತದೆ. ನಳಿಕೆಯೊಳಗೆ ತಿರುಪಿನಂತೆ ಗೀರುಗಳಿದ್ದರೆ ಪ್ಲಾಸ್ಟಿಕ್ ಕವಚದಲ್ಲಿ ಕೂಡಿಸಿದ ಸೇಬೊ ಎಂಬ ಸ್ಲಗ್ ಬೇಕು. ಆ ಗೀರುಗಳು ಅದನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತವೆ. ಇದನ್ನು ಅದಕ್ಕೆ ಹಾಕಿದರೆ ಗುಂಡು ಎಲ್ಲಿ ಹೋಗುತ್ತದೆಂದು ಹೇಳಲಾಗದು. ನುಣುಪು ನಳಿಕೆಯ ಕೋವಿ ಸಾಮಾನ್ಯವಾಗಿ ಐವತ್ತರಿಂದ ಎಪ್ಪತ್ತೈದು ಗಜದವರೆಗೆ ನಂಬಿಕೆಗೆ ಅರ್ಹ. ಗೀರು ನಳಿಕೆಯದು ನೂರು ಗಜ ದಾಟಿದರೂ ಕೈಕೊಡುವುದಿಲ್ಲ. ಆದರೆ ಇದು ಕೋವಿಯ ಮಾತಾಯಿತು. ಅದನ್ನು ಹಿಡಿದ ಕೈಯ ದೂರ ಬೇರೆಯೇ ಇರುತ್ತದೆ, ಹೊಸಬ ಅಳೆಯಬೇಕಾದದ್ದು ಅದನ್ನು.

ಅಳೆಯುವ ವಿಧಾನಕ್ಕೆ ದುಬಾರಿ ಸಲಕರಣೆ ಬೇಡ. ಹುಟ್ಟುಹಬ್ಬದ ಊಟಕ್ಕೆ ತರುವ ಒಂಬತ್ತು ಇಂಚಿನ ಬಿಳಿ ಕಾಗದದ ತಟ್ಟೆ ಸಾಕು. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗವೂ ಹೆಚ್ಚುಕಡಿಮೆ ಅಷ್ಟೇ ಅಗಲ. ಗುರಿ ಅಭ್ಯಾಸದ ಮೈದಾನದಲ್ಲಿ ಮೊದಲು ಇಪ್ಪತ್ತೈದು ಗಜದಲ್ಲಿ ತಟ್ಟೆ ನಿಲ್ಲಿಸಿ, ಮರಳಿನ ಚೀಲದ ಮೇಲೆ ಕೋವಿಯನ್ನಿಟ್ಟು, ಗುಂಡು ಎಲ್ಲಿ ಬೀಳುತ್ತದೆಯೆಂದು ನೋಡಿ ಗುರಿಪಟ್ಟಿಯನ್ನು ಸರಿಪಡಿಸಿಕೊಳ್ಳಬೇಕು. ಹಕ್ಕಿ ಬೇಟೆಯ ಕೋವಿಗೆ ನಳಿಕೆಯ ತುದಿಯಲ್ಲಿ ಒಂದು ಹಿತ್ತಾಳೆಯ ಮಣಿಯಷ್ಟೇ ಇರುತ್ತದೆ. ಜಿಂಕೆಗೆ ಅದು ಸಾಲದು, ಹಿಂದೆ ಮುಂದೆ ಎರಡೂ ಕಡೆ ಗುರಿಗುರುತು ಇರಬೇಕು ಅಥವಾ ದುರ್ಬೀನು ಕೂಡಿಸಿರಬೇಕು. ಆಮೇಲೆ ಚೀಲ ತೆಗೆದುಬಿಟ್ಟು, ಕಾಡಿನಲ್ಲಿ ಹೇಗೆ ಕುಳಿತಿರುತ್ತೇವೋ ಹಾಗೆ ಮೊಣಕಾಲ ಮೇಲೆ ಮೊಣಕೈ ಊರಿ, ದಪ್ಪ ಕೋಟು, ಕೈಗವಸು ತೊಟ್ಟುಕೊಂಡೇ ಹೊಡೆಯಬೇಕು. ಯಾವ ದೂರದಲ್ಲಿ ಮೂರಕ್ಕೆ ಮೂರೂ ಗುಂಡು ತಟ್ಟೆಯೊಳಗೆ ಬೀಳುತ್ತವೆಯೋ ಅದು ಆ ಹುಡುಗನ ದೂರ. ಎರಡು ಒಳಗೆ ಬಿದ್ದು ಒಂದು ಹೊರಗೆ ಹೋದರೆ ಅದು ಅವನ ದೂರವಲ್ಲ. ನಲವತ್ತು ಗಜವಾದರೆ ನಲವತ್ತೇ ಸರಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

2010ರ ಡಿಸೆಂಬರಿನಲ್ಲಿ ನನ್ನ ದೂರ ಅರವತ್ತು ಗಜವಾಗಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಕಿಂಗ್ ಕೌಂಟಿಯ ಒಂದು ಜಮೀನಿನಲ್ಲಿ, ಜೋಳ ಕೊಯ್ದ ಹೊಲ ಕಾಡಿಗೆ ಸೇರುವ ಅಂಚಿನಲ್ಲಿ, ಓಕ್ ಮರವೊಂದಕ್ಕೆ ಬೆನ್ನು ಕೊಟ್ಟು ಕುಳಿತಿದ್ದೆ. ನನಗೆ ಬೇಟೆ ಕಲಿಸಿದ ಹಿರಿಯರು ನನ್ನ ಸಹೋದ್ಯೋಗಿಯ ತಂದೆ. ಅವರು ಬೆಳಗ್ಗೆಯೇ ಹೊಲದಲ್ಲಿ ಅರವತ್ತು ಗಜ ಅಳೆದು ಅಲ್ಲೊಂದು ಒಣಗಿದ ಜೋಳದ ದಂಟನ್ನು ನೆಟ್ಟು, ಅದರಾಚೆಗೆ ನಿನ್ನ ಕೋವಿ ಇಲ್ಲವೆಂದೇ ತಿಳಿ ಎಂದು ಹೇಳಿ ಹೋಗಿದ್ದರು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಕಾಡಿನಿಂದ ಹೊರಬಂದು ದಂಟಿನಿಂದ ಬಹಳಷ್ಟು ಆಚೆ, ತೊಂಬತ್ತು ಗಜದ ಆಸುಪಾಸಿನಲ್ಲಿ ನಿಂತಿತು. ಬೆಳಗ್ಗೆಯಿಂದ ಚಳಿಯಲ್ಲಿ ಕೂತು ಕೈಕಾಲು ಮರಗಟ್ಟಿದ್ದವು, ಬೆಳಕು ಇಳಿಯುತ್ತಿತ್ತು, ಮರುದಿನ ಕೆಲಸಕ್ಕೆ ಹೋಗಬೇಕಿತ್ತು. ಇವೆಲ್ಲ ಕಾರಣಗಳಲ್ಲ, ನೆಪಗಳು ಎಂಬುದು ಈಗ ಗೊತ್ತಾಗುತ್ತದೆ. ನಾನು ಈಡು ಹಾರಿಸಿದೆ. ಜಿಂಕೆ ಬೆನ್ನು ಗೂನಾಗಿಸಿಕೊಂಡು, ಬಾಲ ಇಳಿಬಿಟ್ಟು, ನಿಧಾನವಾಗಿ ಕುಕ್ಕುಲೋಟದಲ್ಲಿ ಕಾಡಿಗೆ ಹೋಯಿತು.

ಹಿರಿಯರು ಬಂದು ಅದು ನಿಂತಿದ್ದ ಜಾಗದಲ್ಲಿ ಮಂಡಿಯೂರಿದರು. ಹಿಮದ ಮೇಲೆ ಬಿದ್ದಿದ್ದ ರಕ್ತ ಕಪ್ಪಗಿತ್ತು, ಅದರೊಂದಿಗೆ ಹಸಿರು ಮಿಶ್ರಿತ ನೀರಿನಂಥದ್ದೂ ಇತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿ ಹೊಟ್ಟೆಗೆ ಬಿದ್ದಿದೆ ಎಂದಷ್ಟೇ ಹೇಳಿದರು. ಶ್ವಾಸಕೋಶಕ್ಕೆ ತಾಗಿದ್ದರೆ ರಕ್ತ ತಿಳಿಗೆಂಪಾಗಿ ನೊರೆನೊರೆಯಾಗಿರುತ್ತದೆ, ಪ್ರಾಣಿ ಸಾಮಾನ್ಯವಾಗಿ ನೂರಿನ್ನೂರು ಗಜದೊಳಗೆ ಬೀಳುತ್ತದೆ, ಅರ್ಧ ಗಂಟೆ ಬಿಟ್ಟು ಹುಡುಕಿಕೊಂಡು ಹೋದರೆ ಸಿಗುತ್ತದೆ. ಹೊಟ್ಟೆಗೆ ತಾಗಿದ ಜಿಂಕೆಯನ್ನು ಕೂಡಲೇ ಬೆನ್ನಟ್ಟಿದರೆ ಅದು ಎದ್ದು ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಮಲಗಿದಲ್ಲೇ ಸಾಯಲು ಬಿಟ್ಟು ಹಲವು ಗಂಟೆ ಕಾಯಬೇಕಾಗುತ್ತದೆ. ಆ ಕಾಯುವಿಕೆ ಏನೆಂಬುದನ್ನು ನಾನು ಹೇಗೆ ವಿವರಿಸಲಿ? ರೈತರ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ಕುಳಿತಿದ್ದಾಗ ಹೊರಗೆ ಕತ್ತಲಲ್ಲಿ ಒಂದು ಜೀವ ನನ್ನ ಕೈಯಿಂದಾಗಿ ಒದ್ದಾಡುತ್ತಿದೆ ಎಂಬುದೊಂದೇ ತಲೆಯಲ್ಲಿತ್ತು. ರಾತ್ರಿ ಹತ್ತಕ್ಕೆ ಟಾರ್ಚು ಹಿಡಿದು ಹೊರಟು ಎರಡು ಗಂಟೆ ಹುಡುಕಿದೆವು, ರಕ್ತದ ಜಾಡು ಪಕ್ಕದ ಜಮೀನಿನ ಬೇಲಿಯ ಹತ್ತಿರ ನಿಂತುಹೋಯಿತು. ಆ ಜಮೀನಿನವರ ಅನುಮತಿ ಇಲ್ಲದೆ ಬೇಲಿ ದಾಟುವಂತಿರಲಿಲ್ಲ. ಬೆಳಗ್ಗೆ ಅವರ ಬಾಗಿಲು ತಟ್ಟಿ ಒಪ್ಪಿಗೆ ಪಡೆದು ಒಳಗೆ ಹೋದಾಗ ಹಳ್ಳದ ಬದಿಯಲ್ಲಿ ಅದು ಬಿದ್ದಿತ್ತು. ಅದರ ಸುತ್ತಲಿನ ತರಗೆಲೆಯೆಲ್ಲ ಕೆದರಿ ನೆಲ ಕಾಣುತ್ತಿತ್ತು. ಅಷ್ಟು ಹೊತ್ತು ಅದು ಜೀವ ಹಿಡಿದುಕೊಂಡಿತ್ತು ಎಂಬುದು ಆ ನೆಲದಲ್ಲೇ ಬರೆದಂತಿತ್ತು.

ಆ ಹಿರಿಯರು ನನ್ನನ್ನು ಬೈಯಲಿಲ್ಲ. ಹೊಲಕ್ಕೆ ಹಿಂದಿರುಗಿದಾಗ ಅವರು ನೆಟ್ಟಿದ್ದ ಜೋಳದ ದಂಟು ಇನ್ನೂ ನಿಂತಿತ್ತು. ಮುಂದಿನ ವರ್ಷ ನಾನು ಕೋವಿ ಹಿಡಿಯಲಿಲ್ಲ. ಅದರ ಮರುವರ್ಷ ಮತ್ತೆ ಹೋದಾಗ ನಾಲ್ಕು ಜಿಂಕೆಗಳನ್ನು ನನ್ನ ದೂರದಾಚೆ ನೋಡಿ ಹಾಗೆಯೇ ಬಿಟ್ಟು, ಐದನೆಯದು ಮೂವತ್ತೈದು ಗಜಕ್ಕೆ ಬಂದು ಪಕ್ಕೆ ತೋರಿಸಿ ನಿಂತಾಗ ಹೊಡೆದೆ. ಮುಂಗಾಲಿನ ಹಿಂದೆ, ಮೈಯ ಮೂರನೆಯ ಒಂದು ಭಾಗದಷ್ಟು ಮೇಲೆ. ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದರ ಪ್ರಾಣ ಹೋಗಿತ್ತು.

ಈ ಕಾರಣದಿಂದಲೇ ಹೊಸಬರು ಮೊದಲ ಒಂದೆರಡು ವರ್ಷ ಸೋವಿನ ಬೇಟೆಗೆ ಸೇರಬಾರದೆಂದು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಹಳು ಸೋವಿ ಪ್ರಾಣಿಯನ್ನು ಬಿಲ್ಲಿನವರ, ಅಂದರೆ ಕೋವಿ ಹಿಡಿದು ಕಾದು ನಿಂತವರ ಕಡೆಗೆ ಎಬ್ಬಿಸುತ್ತಿದ್ದಂತೆಯೇ ಇಲ್ಲಿಯೂ ಕೋವಿ ವಾರದಲ್ಲಿ ಹತ್ತಾರು ಜನ ಸೇರಿ ಕಾಡಿನ ಒಂದು ಪಟ್ಟಿಯನ್ನು ಒಂದು ಕಡೆಯಿಂದ ತುಳಿದುಕೊಂಡು ಬರುತ್ತಾರೆ, ಇನ್ನೊಂದು ಕಡೆ ಕೆಲವರು ಕಾದು ನಿಂತಿರುತ್ತಾರೆ. ಗೆಳೆಯರು ಮೊದಲು ಕರೆಯುವುದೂ ಅದಕ್ಕೇ, ಏಕೆಂದರೆ ಅಲ್ಲಿ ಗದ್ದಲವಿದೆ, ಸಂಭ್ರಮವಿದೆ. ಆದರೆ ಅಲ್ಲಿ ಜಿಂಕೆ ಓಡುತ್ತಿರುತ್ತದೆ, ತಟ್ಟೆಯ ಮೇಲೆ ಅಳೆದ ದೂರ ಓಡುವ ಪ್ರಾಣಿಗೆ ಅನ್ವಯಿಸುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಜಿಂಕೆಯ ಆಚೆ ಬದಿಯಲ್ಲಿ ಮನುಷ್ಯರಿರುತ್ತಾರೆ. ಒಂದು ಔನ್ಸ್ ತೂಕದ ಸೀಸದ ಗುಂಡು ಗುರಿ ತಪ್ಪಿದರೆ ಅರ್ಧ ಮೈಲಿಗೂ ಹೆಚ್ಚು ದೂರ ಹೋಗಬಲ್ಲದು. ಕೋವಿ ಸದಾ ತುಂಬಿದೆಯೆಂದೇ ಭಾವಿಸಬೇಕು, ನಳಿಕೆ ಯಾವ ಜೀವದ ಕಡೆಗೂ ತಿರುಗಬಾರದು, ಹೊಡೆಯುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು, ಗುರಿಯ ಹಿಂದೆ ಏನಿದೆಯೆಂದು ತಿಳಿಯದೆ ಹೊಡೆಯಬಾರದು ಎಂಬ ನಾಲ್ಕು ಮಾತುಗಳನ್ನು ತರಬೇತಿಯಲ್ಲಿ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಸೋವಿನ ಗಡಿಬಿಡಿಯಲ್ಲಿ ನಾಲ್ಕನೆಯದು ಮೊದಲು ಮರೆತುಹೋಗುತ್ತದೆ. ಹೊಸಬ ಇಂಥ ಗುಂಪಿಗೆ ಸೇರದೆ, ಒಂದೇ ಜಾಗದಲ್ಲಿ, ಹಿಂದೆ ಗುಡ್ಡದ ಮಣ್ಣು ಇರುವ ಕಡೆಗೆ ಮುಖ ಮಾಡಿ ಮರಸು ಕೂರಲಿ. ಗಾಳಿ ಮುಖಕ್ಕೆ ಬೀಸುವಂತಿರಲಿ, ಏಕೆಂದರೆ ಜಿಂಕೆ ನಮ್ಮನ್ನು ನೋಡುವುದಕ್ಕಿಂತ ಮೊದಲು ಮೂಗಿನಿಂದ ತಿಳಿಯುತ್ತದೆ.

ಕೋವಿ ಋತುವಿನಲ್ಲಿ ಎಲ್ಲರೂ ಮೇಲಂಗಿಯಾಗಿ ಉಜ್ವಲ ಕಿತ್ತಳೆ ಬಣ್ಣ ತೊಡುವುದು ಇಲ್ಲಿ ಕಡ್ಡಾಯ. ಜಿಂಕೆಗೆ ಆ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ, ಮನುಷ್ಯರಿಗೆ ಮಾತ್ರ ದೂರದಿಂದಲೇ ಕಾಣುತ್ತದೆ. ಇನ್ನು ಮರದ ಮೇಲಿನ ಅಟ್ಟಣೆ. ಇಲ್ಲಿ ಬೇಟೆಗಾರರ ಕೈಕಾಲು ಮುರಿಯುವುದು ಬಹುಮಟ್ಟಿಗೆ ಅಟ್ಟಣೆಯಿಂದ ಬಿದ್ದು. ಹತ್ತುವ ಮೊದಲ ಮೆಟ್ಟಿಲಿನಿಂದ ಇಳಿದು ನೆಲ ಮುಟ್ಟುವವರೆಗೆ ಮೈಗೆ ಸೊಂಟಪಟ್ಟಿ, ಹೆಗಲುಪಟ್ಟಿಗಳ ಕಟ್ಟು ಇರಬೇಕು, ಕೋವಿಯನ್ನು ತೋಟೆ ತೆಗೆದು ಹಗ್ಗದಿಂದ ಆಮೇಲೆ ಎಳೆದುಕೊಳ್ಳಬೇಕು. ಮೊದಲ ವರ್ಷ ನೆಲದ ಮೇಲೆ ಕುಳಿತರೇ ಸಾಕು.

ಋತುವಿನ ಲೆಕ್ಕವನ್ನೂ ತಿಳಿಸಿಬಿಡುತ್ತೇನೆ. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ಇಲ್ಲಿ ಕೋವಿ ವಾರ ಶುರುವಾಗುತ್ತದೆ; ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಬೇಟೆಯ ಹೊತ್ತು. ಕೊಂಬಿನ ಗಂಡು ಜಿಂಕೆ ಒಬ್ಬರಿಗೆ ವರ್ಷಕ್ಕೆ ಒಂದೇ. ಹೊಡೆದ ಜಿಂಕೆಯ ವಿವರವನ್ನು ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ವನ್ಯಜೀವಿ ವಿಭಾಗಕ್ಕೆ ವರದಿ ಮಾಡಬೇಕು.

ಪ್ರಾಣ ಹೋದ ಮೇಲೆ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ. ಅಲ್ಲಿಯೇ ಹೊಟ್ಟೆ ಸೀಳಿ ಕರುಳು ತೆಗೆದು ಮಾಂಸ ಬೇಗ ತಣ್ಣಗಾಗುವಂತೆ ಮಾಡಬೇಕು, ತಡವಾದರೆ ಕೆಡುತ್ತದೆ. ಕೈಗೆ ರಕ್ತ ಹತ್ತುವುದನ್ನು ಸಹಿಸಲಾರದವನು ಟ್ರಿಗರ್ ಎಳೆಯಲು ಹೋಗಬಾರದು. ಜಿಂಕೆಗಳ ಮಿದುಳನ್ನು ಸವೆಸುವ ಸಿ.ಡಬ್ಲ್ಯು.ಡಿ. ಎಂಬ ರೋಗ ಒಹಾಯೊದ ಕಾಡು ಜಿಂಕೆಗಳಲ್ಲಿ 2020ರ ಕೊನೆಯಲ್ಲಿ ವಯಾಂಡಾಟ್ ಕೌಂಟಿಯಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಆ ಭಾಗದಲ್ಲಿ ಬೇಟೆಯಾಡುವವರು ಪರೀಕ್ಷೆ ಮಾಡಿಸಿ ಫಲಿತಾಂಶ ಬರುವವರೆಗೆ ಮಾಂಸ ತಿನ್ನದಿರುವುದು ಒಳ್ಳೆಯದು. ಕಾಡುಜಿಂಕೆಯ ಮಾಂಸವನ್ನು ಮಾರುವಂತಿಲ್ಲ. ಮನೆಯ ಅಗತ್ಯ ಮೀರಿದ್ದನ್ನು ಬಡವರ ಅನ್ನಭಂಡಾರಗಳಿಗೆ ತಲುಪಿಸುವ ವ್ಯವಸ್ಥೆಯಿದೆ. ರೈತರು ಮತ್ತು ಬೇಟೆಗಾರರು ಸೇರಿ ನಡೆಸುವ ಅಂಥ ಸಂಸ್ಥೆಗೆ ಕಸಾಯಿಯವರ ಮೂಲಕ ಒಂದು ಇಡೀ ಜಿಂಕೆಯನ್ನು ಕೊಟ್ಟು ಬರುವುದು ನಮ್ಮ ಮನೆಯ ರೂಢಿ. ಉಳಿದದ್ದನ್ನು ನನ್ನ ಹೆಂಡತಿ ಊರಿನಿಂದ ತಂದ ಕಾಳುಮೆಣಸು ಕುಟ್ಟಿ ಹಾಕಿ ಹುರಿಯುತ್ತಾಳೆ. ಕೊಬ್ಬು ಇಲ್ಲದ ಮಾಂಸವಾದ್ದರಿಂದ ಉರಿ ಹೆಚ್ಚಾದರೆ ಚರ್ಮದಂತಾಗುತ್ತದೆ, ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಬೇಯಿಸಬೇಕು.

ಇಲ್ಲಿನ ಫೋಟೋಗಳನ್ನು ಊರಿನ ನೆಂಟರ ವಾಟ್ಸಾಪ್ ಗುಂಪುಗಳಿಗೆ ಕಳಿಸುವ ಹುಡುಗರಿಗೂ ಒಂದು ವಿನಂತಿ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಮಲೆನಾಡಿನ ಎಷ್ಟೋ ಮನೆಗಳಲ್ಲಿವೆ. ನಿಮ್ಮ ಫೋಟೋ ನೋಡಿದ ತಮ್ಮಂದಿರು ನೀವು ಮಾಡಿದ ಪರೀಕ್ಷೆ, ಪರ್ಮಿಟ್, ವರದಿಗಳನ್ನು ನೋಡುವುದಿಲ್ಲ, ಬಿದ್ದ ಜಿಂಕೆಯನ್ನು ಮಾತ್ರ ನೋಡುತ್ತಾರೆ. ಒಬ್ಬ ಹುಡುಗ ಆ ಹುಮ್ಮಸ್ಸಿನಲ್ಲಿ ರಾತ್ರಿ ಕಾಡಿಗೆ ಹೊಕ್ಕರೆ ಅವನ ಜೈಲುವಾಸದಲ್ಲಿ ನಿಮ್ಮ ಪಾಲೂ ಇರುತ್ತದೆ. ದಯವಿಟ್ಟು ಕಳಿಸಬೇಡಿ.

ಕಡೆಯದಾಗಿ, ಪತ್ರ ಬರೆದ ಆ ಹಿರಿಯರಲ್ಲಿ ನನ್ನ ಬಿನ್ನಹ. ಮಗನಿಗೆ ಬೇಡವೆನ್ನುವ ಹಕ್ಕು ತಮಗಿದೆ, ತಾವು ಬೇಡವೆಂದರೆ ಅದರಲ್ಲಿ ತಪ್ಪೇನೂ ಇಲ್ಲ. ಅವನು ಹೋಗಿಯೇ ಹೋಗುತ್ತಾನೆಂದಾದರೆ ಮುಂದಿನ ಭಾನುವಾರ ಫೋನು ಮಾಡಿದಾಗ ವೀಸಾದ ಕಾಗದ ಸರಿಯಿದೆಯೇ ಎಂದು ಕೇಳಿರಿ, ಜೊತೆಯಲ್ಲಿ ಯಾರು ಕೂರುತ್ತಾರೆಂದು ಕೇಳಿರಿ, ಕಾಗದದ ತಟ್ಟೆಯಲ್ಲಿ ಮೂರಕ್ಕೆ ಮೂರು ಬಿದ್ದ ದೂರ ಎಷ್ಟೆಂದು ಕೇಳಿರಿ. ಅವನು ಗಜದ ಲೆಕ್ಕದಲ್ಲಿ ಒಂದು ಸಂಖ್ಯೆಯನ್ನು ತಡವರಿಸದೆ ಹೇಳಿದರೆ ತಾವು ಸ್ವಲ್ಪ ನಿಶ್ಚಿಂತೆಯಿಂದ ಮಲಗಬಹುದು. ಹೇಳದಿದ್ದರೆ ಈ ಪತ್ರಿಕೆಯ ಮೂಲಕ ನನಗೆ ತಿಳಿಸಿರಿ. ಅವನಿರುವ ಊರು ಎಷ್ಟೇ ದೂರವಿರಲಿ, ನವೆಂಬರಿಗೆ ಮೊದಲು ಒಂದು ಶನಿವಾರ ನಾನೇ ಹೋಗಿ ಅವನೊಂದಿಗೆ ತಟ್ಟೆ ನಿಲ್ಲಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ಮೂಲದ ಓದುಗ,
ಕೊಲಂಬಸ್, ಒಹಾಯೊ